ಹೊರಡುವ ಮುಂಚಿನ ಪುಟಗಳು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ತರುಣನೊಬ್ಬ ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿಕೊಂಡು ಬಂದ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ ಪೇಟೆಯ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದವನು. ಪತ್ರ ಯಾತಕ್ಕೆಂದು ಕೇಳಿದಾಗ, "ದುಬೈಗೆ ಹೋಗಬೇಕು ಅಂತಿದ್ದೇನೆ ಫಾದರ್, ಎರಡು ತಿಂಗಳ ವಿಸಿಟ್ ವೀಸಾದಲ್ಲಿ. ಕೆಲಸ ಅಲ್ಲಿಗೆ ಹೋದ ಮೇಲೆ ಹುಡುಕಿಕೊಳ್ಳುವುದು" ಎಂದ. ಬಳಿಕ ತುಸು ತಡೆದು, "ಹೋಗಲೋ ಬೇಡವೋ, ನೀವೇ ಹೇಳಿ" ಎಂದ.

ನಾನು ಆ ಕ್ಷಣ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರಲು ನನ್ನದೇ ಆದ ಕಾರಣವೊಂದಿತ್ತು. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ನಾನು ಅವನ ಕೈಗೆ ಒಂದು ಕಾದಂಬರಿಯನ್ನು ಕೊಟ್ಟೆ, ಒಂದು ಚಲನಚಿತ್ರದ ಹೆಸರನ್ನು ಬರೆದುಕೊಟ್ಟೆ. ಕಾದಂಬರಿ ಮಲಯಾಳದ ಬೆನ್ಯಾಮಿನ್ ಅವರ 'ಆಡುಜೀವಿತಂ' (2008). ಚಿತ್ರ ಸಲೀಂ ಅಹಮದ್ ನಿರ್ದೇಶಿಸಿ, ಮಮ್ಮುಟ್ಟಿ ಅಭಿನಯಿಸಿದ 'ಪತ್ತೇಮಾರಿ' (2015). ಅವನಿಗೆ ಕೊಟ್ಟ ಮೇಲೆ, ಕೊಟ್ಟವನು ಓದದಿದ್ದರೆ ಹೇಗೆ ಎಂದು ನಾನೂ ಎರಡನ್ನೂ ಮತ್ತೊಮ್ಮೆ ಓದಿದೆ, ನೋಡಿದೆ. ಈ ಬಾರಿ ನಾನು ಹುಡುಕಿದ್ದು ಮರುಭೂಮಿಯನ್ನಲ್ಲ, ಸಮುದ್ರವನ್ನೂ ಅಲ್ಲ. ಮನೆ ಬಿಡುವ ಮುಂಚಿನ ಪುಟಗಳನ್ನು. ಕೃತಿಕಾರರು ಆ ಗಳಿಗೆಯನ್ನು ಹೇಗೆ ಕಂಡಿದ್ದಾರೆ ಎಂಬುದೇ ಈ ಬರಹದ ವಿಷಯ.

ಮೊದಲು ಪತ್ತೇಮಾರಿ. ಪತ್ತೇಮಾರಿ ಎಂದರೆ ನಮ್ಮ ಕರಾವಳಿಯ ಮಂಜಿಯಂತಹ ಹಾಯಿನೌಕೆ. ಅರುವತ್ತರ ದಶಕದ ಕೇರಳದಿಂದ ಪಳ್ಳಿಕ್ಕಲ್ ನಾರಾಯಣನ್ ಎಂಬ ಬಡ ತರುಣ ಗೆಳೆಯ ಮೊಯ್ದೀನನೊಡನೆ ಅಂತಹ ನೌಕೆಯೊಂದನ್ನೇರುತ್ತಾನೆ. ಕೈಯಲ್ಲಿ ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಕೆಲಸದ ಭರವಸೆಯಂತೂ ಇಲ್ಲವೇ ಇಲ್ಲ. ಖೋರ್‌ಫಕ್ಕಾನಿನ ದಡ ಇನ್ನೂ ದೂರವಿರುವಾಗಲೇ ಎಲ್ಲರೂ ನೀರಿಗೆ ಧುಮುಕಿ ಈಜಬೇಕು. ಈಜಿದವನು ಬದುಕಿದ. ಮುಂದೆ ಅವನು ಅರ್ಧ ಶತಮಾನ ಅಲ್ಲಿ ದುಡಿದು, ತಾನು ದುಡಿದದ್ದನ್ನೆಲ್ಲ ಊರಿಗೆ ಕಳಿಸಿ, ಕೊನೆಗೆ ಅಲ್ಲಿಯೇ ಪ್ರಾಣ ಬಿಡುತ್ತಾನೆ.

ಇದನ್ನು ಇಂದು ನೋಡುವವರು ಹುಚ್ಚು ಸಾಹಸವೆಂದಾರು. ಆದರೆ ಚಿತ್ರ ವಿವರಿಸದೆ ಬಿಟ್ಟ ಇತಿಹಾಸವೊಂದಿದೆ, ಅದನ್ನು ನೆನೆದರೆ ನಾರಾಯಣನ ಧುಮುಕು ಅಷ್ಟೊಂದು ಕುರುಡಾಗಿ ಕಾಣುವುದಿಲ್ಲ. ಅಬುಧಾಬಿಯಲ್ಲಿ ತೈಲ ಸಿಕ್ಕಿದ್ದು 1958ರಲ್ಲಿ. ರಫ್ತು ಆರಂಭವಾದದ್ದು 1962ರಲ್ಲಿ. ಸಂಯುಕ್ತ ಅರಬ್ ಸಂಸ್ಥಾನವೆಂಬ ರಾಷ್ಟ್ರ ಹುಟ್ಟಿದ್ದೇ 1971ರ ಡಿಸೆಂಬರಿನಲ್ಲಿ. 1966ರವರೆಗೆ ಆ ತೀರದಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಮುದ್ರಿಸಿದ ರೂಪಾಯಿ. ಅಂದರೆ, ಅವನು ಈಜಿ ತಲುಪಿದ ನೆಲ ದುಡಿಯುವ ಕೈಗಳಿಗಾಗಿ ಆಗಷ್ಟೇ ಬಾಯ್ತೆರೆಯುತ್ತಿತ್ತು. ಕಾಗದಪತ್ರಗಳನ್ನು ಕೇಳುವ ಕಟ್ಟುನಿಟ್ಟು ಇನ್ನೂ ಬಲಿತಿರಲಿಲ್ಲ. ಮೇಲಾಗಿ ಪಕ್ಕದಲ್ಲಿ ಮೊಯ್ದೀನನಿದ್ದ. ಕೆಲಸವಿಲ್ಲದೆ ಹೋದವನಿಗೆ ಕಾಲವೂ ಗೆಳೆಯನೂ ಇದ್ದರು.

ಚಿತ್ರದ ಕುರಿತು ನನ್ನ ತಕರಾರು ಬೇರೆ. ನಿರ್ದೇಶಕರು ನಾರಾಯಣನನ್ನು ಎಷ್ಟು ಪ್ರೀತಿಸುತ್ತಾರೆಂದರೆ, ಅವನನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಊರಿಗೆ ಬಂದಾಗಲೆಲ್ಲ ಯಾರದೋ ಮದುವೆ, ಯಾರದೋ ಸಾಲ, ಯಾರದೋ ಮನೆ. ಅವನು ಪೆಟ್ಟಿಗೆ ಕಟ್ಟಿಕೊಂಡು ಮತ್ತೆ ಹೊರಡುತ್ತಾನೆ. ಮೊದಲ ಸಲ ಹೊರಟದ್ದು ಹಸಿವಿನಿಂದ, ಒಪ್ಪೋಣ. ಹತ್ತನೆಯ ಸಲ? ಹತ್ತನೆಯ ಸಲವೂ ಅದು ಒಂದು ತೀರ್ಮಾನವೇ ಅಲ್ಲವೇ? ಚಿತ್ರ ಅದನ್ನು ವಿಧಿಯೆಂಬಂತೆ ತೋರಿಸುತ್ತದೆ. ಅವನ ಮರಣಾನಂತರ ಮನೆಯವರು ನೋಡುವ ದೂರದರ್ಶನದ ಸಂದರ್ಶನದಲ್ಲಿ ಅವನು ತನ್ನ ಬಾಳು ಸಫಲವೆಂದು ನಂಬಿ ಮಾತಾಡುತ್ತಾನೆ; ನಮ್ಮ ಕಣ್ಣು ಒದ್ದೆಯಾಗುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ. ಕಣ್ಣೀರು ಬರಿಸುವ ಕಲೆಯ ಮೇಲೆ ನನಗೆ ಸ್ವಲ್ಪ ಅನುಮಾನವಿದೆ. ಉಪದೇಶಕರಾದ ನಮಗೂ ಆ ಕಲೆ ಗೊತ್ತು, ಅದಕ್ಕೇ. ಪತ್ನಿ ನಳಿನಿ ಆ ವರ್ಷಗಳನ್ನು ಹೇಗೆ ಎಣಿಸಿದಳೆಂಬುದಕ್ಕೆ ಇನ್ನಷ್ಟು ಜಾಗ ಸಿಕ್ಕಿದ್ದರೆ ಚಿತ್ರ ಇನ್ನೂ ನಿಷ್ಠುರವಾಗುತ್ತಿತ್ತು, ಇನ್ನೂ ಒಳ್ಳೆಯದಾಗುತ್ತಿತ್ತು.

ಆಡುಜೀವಿತಂ ಇದಕ್ಕಿಂತ ಗಟ್ಟಿಯಾದ ಕೃತಿ. ಬೆನ್ಯಾಮಿನ್ ಸ್ವತಃ 1992ರಿಂದ ಎರಡು ದಶಕ ಬಹರೈನಿನಲ್ಲಿ ದುಡಿದವರು. ನಜೀಬ್ ಎಂಬ ನಿಜ ಮನುಷ್ಯನ ಬಾಯಿಂದ ಕೇಳಿದ ಅನುಭವ ಈ ಕಾದಂಬರಿಗೆ ಆಧಾರ. 2009ರಲ್ಲಿ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 2024ರಲ್ಲಿ ಬ್ಲೆಸ್ಸಿ ಅದನ್ನು ತೆರೆಗೆ ತಂದರು. ಕಾದಂಬರಿ ಆರಂಭವಾಗುವುದು ರಿಯಾದಿನ ಬತ್ಹಾದ ಪೊಲೀಸ್ ಠಾಣೆಯ ಮುಂದೆ. ಇಬ್ಬರು ತಮ್ಮನ್ನು ಬಂಧಿಸಲಿ ಎಂದು ಕಾದು ನಿಂತಿದ್ದಾರೆ. ಸೆರೆಮನೆಯೇ ಊರಿಗೆ ಹೋಗುವ ದಾರಿಯಾದ ಮನುಷ್ಯ ಅಲ್ಲಿಗೆ ಹೇಗೆ ಬಂದ ಎಂಬುದನ್ನು ಲೇಖಕರು ಅಲ್ಲಿಂದ ಹಿಂದಕ್ಕೆ ಬಿಡಿಸುತ್ತಾ ಹೋಗುತ್ತಾರೆ.

ನಜೀಬ್ ಊರಲ್ಲಿ ಹೊಳೆಯ ತಳಕ್ಕೆ ಮುಳುಗಿ ಮರಳು ತೆಗೆಯುತ್ತಿದ್ದವನು. ಹೆಂಡತಿ ಸೈನು ಗರ್ಭಿಣಿ. ಪರಿಚಯದವನೊಬ್ಬ ಮಾರಾಟಕ್ಕೊಂದು ವೀಸಾ ಇದೆ ಎನ್ನುತ್ತಾನೆ. ಅವನ ಆಸೆಗಳೇನೂ ದೊಡ್ಡವಲ್ಲ: ಅಲ್ಪಸ್ವಲ್ಪ ಸಾಲ ತೀರಬೇಕು, ಮನೆಗೊಂದು ಕೋಣೆ ಸೇರಬೇಕು. ಈ ಪುಟಗಳು ಕಾದಂಬರಿಯಲ್ಲಿ ತೀರ ಕೆಲವೇ. ಮೊದಲ ಓದಿನಲ್ಲಿ ಇದು ಅವಸರವೆನಿಸಿತ್ತು. ಈಗ ಅನಿಸುತ್ತದೆ, ಅವಸರ ಲೇಖಕರದ್ದಲ್ಲ, ನಜೀಬನದು. ಮನೆ ಕಟ್ಟಲು ವರ್ಷಗಟ್ಟಲೆ ಯೋಚಿಸುವ ನಾವು ಮನೆ ಬಿಡಲು ಒಂದು ವಾರದಲ್ಲಿ ಒಪ್ಪುತ್ತೇವೆ. ಕೆಲವೇ ಪುಟಗಳಲ್ಲಿ ಅದನ್ನು ಮುಗಿಸಿ ಬೆನ್ಯಾಮಿನ್ ನಿಜವನ್ನೇ ಬರೆದಿದ್ದಾರೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಾರಾಯಣನಂತೆ ನಜೀಬ್ ಬರಿಗೈಯಲ್ಲಿ ಹೋದವನಲ್ಲ. ಅವನಲ್ಲಿ ಪಾಸ್‌ಪೋರ್ಟಿತ್ತು, ಹಣ ಕೊಟ್ಟು ಪಡೆದ ವೀಸಾ ಇತ್ತು, ಕಾಗದದ ಮೇಲೊಂದು ಕೆಲಸವಿತ್ತು. ರಿಯಾದಿನ ವಿಮಾನನಿಲ್ದಾಣದಲ್ಲಿ ಅವನೂ ಎಳೆಯ ಹಕೀಮನೂ ಕಾದೂ ಕಾದೂ ಸೋಲುತ್ತಾರೆ. ತಮ್ಮನ್ನು ಕರೆದೊಯ್ಯಬೇಕಾದವನ ಮುಖ ಅವರಿಗೆ ತಿಳಿಯದು, ಭಾಷೆ ಬಾರದು. ಹಳೆಯ ಪಿಕಪ್ ಗಾಡಿಯ ಅರಬನೊಬ್ಬ ಬಂದು ಪಾಸ್‌ಪೋರ್ಟುಗಳನ್ನು ಕಸಿದುಕೊಂಡು ನಡೆದಾಗ ಅವನೇ ತಮ್ಮ ಯಜಮಾನನೆಂದು ಹಿಂದೆ ಹೋಗುತ್ತಾರೆ. ಮುಂದಿನದು ಆಡುಗಳ ಕೊಟ್ಟಿಗೆ, ನೀರಿಲ್ಲದ ಮೂರು ವರ್ಷಕ್ಕೂ ಮಿಕ್ಕಿದ ಕಾಲ, ಇಬ್ರಾಹಿಂ ಖಾದಿರಿ ತೋರಿದ ದಾರಿ, ಹಕೀಮನ ಸಾವು. ಕೊನೆಗೆ ಸೆರೆಮನೆಯಲ್ಲಿ ತಪ್ಪಿಸಿಕೊಂಡವರನ್ನು ಗುರುತಿಸಲು ಆ ಯಜಮಾನ ಬರುತ್ತಾನೆ, ನಜೀಬನನ್ನು ನೋಡುತ್ತಾನೆ, ಮುಟ್ಟುತ್ತಾನೆ, ಬಿಟ್ಟು ಹೋಗುತ್ತಾನೆ. ಏಕೆಂದರೆ ನಜೀಬ್ ಅವನ ವೀಸಾದವನೇ ಅಲ್ಲ! ತನ್ನ ನಿಜವಾದ ಕೆಲಸ ಬೇರೆಲ್ಲೋ ತನಗಾಗಿ ಕಾದಿತ್ತೆಂದೂ ತನ್ನನ್ನು ಯಾರೋ ಕದ್ದೊಯ್ದಿದ್ದರೆಂದೂ ಅವನಿಗೆ ತಿಳಿಯುವುದು ಆಗ.

ಈ ಒಂದು ತಿರುವಿಗಾಗಿ ನಾನು ಕಾದಂಬರಿಯನ್ನು ಮೆಚ್ಚುತ್ತೇನೆ. "ಕೆಲಸ ಗೊತ್ತುಮಾಡಿಕೊಂಡು ಹೋಗು" ಎಂಬುದು ನಾವೆಲ್ಲ ಕೊಡುವ ಬುದ್ಧಿಮಾತು. ಕೆಲಸ ಗೊತ್ತಾಗಿದ್ದವನು ಹಾಳಾದ, ಇಲ್ಲದವನು ದಡ ಸೇರಿದ. ಹಾಗಾದರೆ ಬುದ್ಧಿಮಾತು ಸುಳ್ಳೇ? ಸುಳ್ಳಲ್ಲ, ಅರ್ಧ. ಕಾಗದದಲ್ಲಿ ಕೆಲಸವಿದೆಯೇ ಎಂಬುದಕ್ಕಿಂತ, ಆ ನೆಲದಲ್ಲಿ ನನ್ನನ್ನು ಹೆಸರು ಹಿಡಿದು ಗುರುತಿಸುವ ಮನುಷ್ಯನೊಬ್ಬನಿದ್ದಾನೆಯೇ, ಮೋಸವಾದರೆ ಹೋಗಿ ತಟ್ಟಬಹುದಾದ ಬಾಗಿಲೊಂದಿದೆಯೇ ಎಂಬ ಪ್ರಶ್ನೆ ಮೊದಲಿನದು. ನಜೀಬನಿಗೆ ಆ ಬಾಗಿಲಿರಲಿಲ್ಲ. ಆ ಬಾಗಿಲು ತಡವಾಗಿಯೂ ಎಲ್ಲರಿಗೂ ತೆರೆಯುವುದಿಲ್ಲ: 2021ರ ಮಾರ್ಚಿನಲ್ಲಿ ಸೌದಿ ಅರೇಬಿಯಾ ಕಾರ್ಮಿಕರು ಕೆಲಸ ಬದಲಿಸಲು ಅವಕಾಶ ಕೊಟ್ಟಾಗ ಕುರಿಗಾಹಿಗಳನ್ನೂ ಮನೆಗೆಲಸದವರನ್ನೂ ಆ ಸುಧಾರಣೆಯಿಂದ ಹೊರಗಿಟ್ಟಿತು.

ಗುರುಮಠದಲ್ಲಿ ನಮಗೆ ರೂತಳ ಗ್ರಂಥವನ್ನು ನಿಷ್ಠೆಯ ಕಥೆಯೆಂದು ಕಲಿಸಿದ್ದರು. ಅದು ವಲಸೆಯ ಕಥೆಯೂ ಹೌದು, ಒಂದಲ್ಲ, ಎರಡು ವಲಸೆಗಳ ಕಥೆ. ಎಲಿಮೆಲೆಕ ಬರಗಾಲಕ್ಕಂಜಿ ಹೆಂಡತಿ ಮಕ್ಕಳೊಡನೆ ಮೋವಾಬಿಗೆ ಹೋದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನೂ ಇಬ್ಬರು ಗಂಡುಮಕ್ಕಳೂ ಅಲ್ಲಿಯ ಮಣ್ಣಾದರು. ರೂತಳು ಕೆಲಸದ ಮಾತಿರಲಿ, ಗಂಡನ ಆಸರೆಯೂ ಇಲ್ಲದೆ ಬೆತ್ಲೆಹೇಮಿಗೆ ಬಂದಳು. ಆದರೆ ಬಂದದ್ದು ಜವೆಗೋದಿಯ ಸುಗ್ಗಿ ಆರಂಭವಾದಾಗ. ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೆ, ಪರದೇಶಿಗೆ ಬಿಡಬೇಕೆಂಬ ಕಟ್ಟಳೆ ಆ ನಾಡಿನಲ್ಲಿತ್ತು. ಜೊತೆಗೆ ಊರು ಬಲ್ಲ ಅತ್ತೆಯಿದ್ದಳು. ಕಥೆಗಾರ ಇವನ್ನೆಲ್ಲ ಸಣ್ಣ ಸಣ್ಣ ಮಾತುಗಳಲ್ಲಿ ಇಟ್ಟಿದ್ದಾನೆ, ನಾವು ಓದಿಯೂ ಓದದಂತೆ ದಾಟುತ್ತೇವೆ. ಅಬ್ರಹಾಮನ ಕತೆಯಲ್ಲೂ ಅಷ್ಟೇ: ಎಲ್ಲಿಗೆಂದು ತಿಳಿಯದೆ ಹೊರಟ ಎಂಬುದನ್ನು ನಾವು ನೆನಪಿಟ್ಟುಕೊಂಡೆವು, ಹಾರಾನಿನಲ್ಲಿ ಗಳಿಸಿದ ಆಸ್ತಿಯನ್ನೂ ಆಳುಗಳನ್ನೂ ಜೊತೆಗೆ ಕೊಂಡೊಯ್ದ ಎಂಬುದನ್ನು ಮರೆತೆವು.

ಮರೆತವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಇದೇ ಪ್ರಶ್ನೆಯನ್ನು ಹೊತ್ತು ಒಬ್ಬಾತ ಬಂದಿದ್ದ. ನಾನಾಗ ಅಬ್ರಹಾಮನ ಕತೆ ಹೇಳಿ, ತಲೆಯ ಮೇಲೆ ಕೈಯಿಟ್ಟು ಕಳಿಸಿದೆ. ಹೆಂಡತಿಯ ಬಳೆ ಅಡವಿಟ್ಟು ಹೋದವನು ಐದು ತಿಂಗಳಲ್ಲಿ ಹಿಂದಿರುಗಿದ. ವೀಸಾದ ಅವಧಿ ಮೀರಿ, ಯಾರದೋ ಕೋಣೆಯಲ್ಲಿ ಅಡಗಿದ್ದು, ಯಾರೋ ಕೊಟ್ಟ ಟಿಕೇಟಿನಲ್ಲಿ ಬಂದನೆಂದು ಆಮೇಲೆ ಅವರಿವರು ಹೇಳಿದರು. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎದುರಾದಾಗ, "ರಜೆಯ ಮೇಲೆ ಬಂದಿದ್ದೇನೆ ಫಾದರ್" ಎಂದ. ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ನಾನು "ಒಳ್ಳೆಯದು" ಎಂದೆ.

ಈ ನೆನಪಿನಿಂದಲೇ ಎರಡೂ ಕೃತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಕಾಣಿಸಿತು. ಆಡುಗಳ ನಡುವೆ ಮಲಗಿ ನಜೀಬ್ ಮನಸ್ಸಿನಲ್ಲೇ ಸೈನುವಿಗೆ ಪತ್ರ ಬರೆಯುತ್ತಾನೆ. ತಾನು ಸುಖವಾಗಿದ್ದೇನೆಂದು ಬರೆಯುತ್ತಾನೆ! ಅಂಚೆಗೆ ಹಾಕಲಾಗದ ಪತ್ರದಲ್ಲಿ ಕೂಡ ಅವನಿಗೆ ನಿಜ ಬರೆಯಲಾಗಲಿಲ್ಲ. ನಾರಾಯಣನ ಕಥೆಯಲ್ಲೂ ಊರಿಗೆ ತಲುಪುವುದು ಹಣ ಮತ್ತು ಅತ್ತರು. ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿ ಕಳೆದ ರಾತ್ರಿಗಳಲ್ಲ. ಇವೆಲ್ಲ ಪ್ರೀತಿಯಿಂದ ಹೇಳಿದ ಸುಳ್ಳುಗಳು, ನಾಚಿಕೆಯಿಂದ ಹೇಳಿದವು. ಮುಂದೆ ಹೊರಡುವವನು ಓದುವುದು ಇವನ್ನೇ. ಬೆನ್ಯಾಮಿನ್ ಇದನ್ನು ಬೆರಳಿಟ್ಟು ತೋರಿಸದೆಯೇ ಕಾಣಿಸುತ್ತಾರೆ. ಆದುದರಿಂದಲೇ ಅವರ ಪುಸ್ತಕವನ್ನು ಕಷ್ಟದ ಕಥೆಯೆಂದು ಮಾತ್ರ ಹೊಗಳುವವರೊಡನೆ ನನಗೆ ಜಗಳ. ಬ್ಲೆಸ್ಸಿಯವರ ಚಿತ್ರ ಮರುಭೂಮಿಯನ್ನು ಬಹಳ ಬಲ್ಲದು, ಈ ಸುಳ್ಳನ್ನು ಅಷ್ಟಾಗಿ ಬಲ್ಲದು ಎನ್ನಲಾರೆ.

ಇಂದಿನ ತರುಣರಿಗೆ ಕಾನೂನಿನ ವಿಷಯವನ್ನೂ ಹೇಳಬೇಕಾಗುತ್ತದೆ, ಕಾದಂಬರಿ ಹೇಳಲಾರದು. 1983ರ ನಮ್ಮ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ ಹತ್ತನೆಯ ತರಗತಿ ದಾಟದವರು ಕೊಲ್ಲಿಗೆ ಕೆಲಸಕ್ಕೆಂದು ಹೋಗುವಾಗ ಸರಕಾರದ ಅನುಮತಿ ಬೇಕಾಗುತ್ತಿತ್ತು. ವಿಸಿಟ್ ವೀಸಾದಲ್ಲಿ ಹೋಗುವವರು ಆ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾವಲು ಯಾರಿಗೆ ಹೆಚ್ಚು ಬೇಕೋ ಅವರೇ ಅದರಿಂದ ಜಾರಿಹೋದರು. 2022ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಕೆಲಸ ಹುಡುಕಿ ಬರುವವರಿಗೆಂದೇ 60, 90, 120 ದಿನಗಳ ವೀಸಾ ತೆರೆದದ್ದು ನಿಜ. ಆದರೆ ಅದು ಪದವೀಧರರಿಗೆ, ಐ.ಟಿ.ಐ. ಮುಗಿಸಿದ ನಮ್ಮ ತರುಣನಿಗಲ್ಲ. ವಿಸಿಟ್ ವೀಸಾದಲ್ಲಿ ಅಲ್ಲಿ ದುಡಿಯುವುದು ಅಪರಾಧ. ಕೆನಡಾದಂತಹ ದೇಶ, ಕೆಲಸ ಗೊತ್ತಿಲ್ಲದೆ ನೆಲೆಸಲು ಬರುವ ಕುಶಲಿಗನ ಕೈಯಲ್ಲಿ ಕೆಲವು ತಿಂಗಳ ಬದುಕಿಗೆ ಸಾಲುವಷ್ಟು ಹಣವಿದೆಯೇ ಎಂದು ಮೊದಲೇ ನೋಡುತ್ತದೆ. ನಾವು ನಮ್ಮ ಮಕ್ಕಳ ಕೈ ನೋಡದೆ ಕಳಿಸುತ್ತೇವೆ.

ಮೂರು ವಾರಗಳ ಬಳಿಕ ತರುಣ ಪುಸ್ತಕ ಹಿಂದಿರುಗಿಸಲು ಬಂದ. ವಿಮಾನನಿಲ್ದಾಣದ ಪುಟದ ಮೂಲೆಯನ್ನು ಮಡಚಿದ್ದ. ಚಿತ್ರ ಅವನಿಗೆ ಹೆಚ್ಚು ಹಿಡಿಸಿತಂತೆ. ಕಾದಂಬರಿಯಿಂದ ನಿದ್ದೆ ಕೆಟ್ಟಿತಂತೆ. ನಾನು ಮನಸ್ಸಿನಲ್ಲಿ ಸಿದ್ಧಪಡಿಸಿದ್ದ ಉತ್ತರವನ್ನು ಹೇಳಲು ಬಾಯ್ತೆರೆಯುವಷ್ಟರಲ್ಲಿ ಅವನೇ ಕೇಳಿದ:

"ಫಾದರ್, ಹೀಗೆ ಹೋಗಿ ವಾಪಸ್ ಬಂದವರು ಯಾರಾದರೂ ನಿಮಗೆ ಗೊತ್ತಾ? ಅವರ ಹತ್ತಿರ ಒಂದು ಸಲ ಮಾತಾಡಬೇಕಿತ್ತು."

ಗೊತ್ತು ಎಂದೆ. ಹಳೆಯ ಧರ್ಮಕೇಂದ್ರದ ಗುರುಗಳಿಗೆ ಫೋನು ಮಾಡಿ ಅವನ ಸಂಖ್ಯೆ ತರಿಸಿಕೊಂಡೆ. ಈಗ ಅವನು ಪಕ್ಕದ ತಾಲೂಕಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನಂತೆ. ಸಂಖ್ಯೆಯನ್ನು ತರುಣನಿಗೆ ಕೊಡುವ ಮುನ್ನ ನಾನೇ ಒಮ್ಮೆ ಮಾತಾಡಬೇಕಿತ್ತು. ಆ ಕಡೆಯಿಂದ "ಹಲೋ" ಎಂಬ ಸ್ವರ ಕೇಳಿದಾಗ, ಇಪ್ಪತ್ತು ವರ್ಷಗಳಿಂದ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ, ಅಲ್ಲಿ ಏನಾಯಿತೆಂದು. ಅವನು ಅಂಗಡಿಯ ಹುಡುಗನನ್ನು ಹೊರಗೆ ಕಳಿಸಿ, ಒಂದು ಗಂಟೆ ಮಾತಾಡಿದ.