ಇಪ್ಪತ್ತು ಸೆಂಟಿನ ಸಂತೆ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ ಹಸೆ ಚಿತ್ತಾರ ಬರೆಯುತ್ತಾಳೆ. ಒಂದು ಕಾಲಕ್ಕೆ ಮದುವೆ ಮನೆಯ ಗೋಡೆಗೆ ಬರೆಯುತ್ತಿದ್ದದ್ದು, ಈಗ ಕೆಮ್ಮಣ್ಣು ಬಳಿದ ಬಟ್ಟೆಯ ಮೇಲೆ. ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಕೈ ನಡುಗದ ಹಾಗೆ ಉಸಿರು ಹಿಡಿದು ಎಳೆಯುವ ಗೆರೆ. ಕಳೆದ ವರ್ಷ ಅವಳದೊಂದು ಚಿತ್ತಾರವನ್ನು ಕೈಕೆಲಸದ ವಸ್ತುಗಳನ್ನೇ ಮಾರುತ್ತೇವೆ ಎನ್ನುವ ಆನ್‌ಲೈನ್ ಮಾರುಕಟ್ಟೆಯೊಂದಕ್ಕೆ ಏರಿಸಲು ಮೊಬೈಲು ಹಿಡಿದು ಜಗಲಿಯಲ್ಲಿ ಕೂತೆ. ಮಾರುಕಟ್ಟೆಯ ಹೆಸರು ಇಲ್ಲಿ ಬೇಡ.

ಫಾರಂ ಕೇಳಿತು: ದಾಸ್ತಾನು ಎಷ್ಟು? ಒಂದು ಎಂದು ತುಂಬಿದೆ. ಕೆಂಪು ಅಕ್ಷರದಲ್ಲಿ ಸಲಹೆ ಬಂತು: ದಾಸ್ತಾನು ಹೆಚ್ಚಿದ್ದರೆ ನಿಮ್ಮ ವಸ್ತು ಹೆಚ್ಚು ಜನರಿಗೆ ಕಾಣುತ್ತದೆ.

"ಇದನ್ನೇ ಇನ್ನೊಂದು ಹತ್ತು ಬರೀತೀಯಾ ಚಿಕ್ಕಮ್ಮ?" ಎಂದೆ.

"ಇದನ್ನೇ ಎಂತಕ್ಕೆ ಬರೀಲಿ? ಇದು ಬರ್ದಾಯ್ತಲ" ಎಂದಳು.

ಕೈಕೆಲಸದ ಆನ್‌ಲೈನ್ ಮಾರುಕಟ್ಟೆಗಳ ಬಗ್ಗೆ ನನ್ನ ತಕರಾರು ಹುಟ್ಟಿದ್ದು ಆ ಜಗಲಿಯಲ್ಲೇ. ಜನ ಸಾಮಾನ್ಯವಾಗಿ ಕಮಿಷನ್ನಿನ ಬಗ್ಗೆ ಬೈಯುತ್ತಾರೆ. ನನಗೆ ಕಮಿಷನ್ನಿಗಿಂತ ಆ ಫಾರಂ ದೊಡ್ಡ ವಿಷಯವಾಗಿ ಕಾಣುತ್ತದೆ.

ಈ ಮಾರುಕಟ್ಟೆಗಳಿಗೆಲ್ಲ ಹಿರಿಯಣ್ಣ ಎಟ್ಸಿ. 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬ್ ಕೇಲಿನ್ ಮತ್ತು ಗೆಳೆಯರು ಶುರು ಮಾಡಿದ್ದು. ಕೇಲಿನ್ ಸ್ವತಃ ಮರಗೆಲಸ ಬಲ್ಲವನು. ತಾನು ಮಾಡಿದ್ದನ್ನು ಮಾರುವುದಕ್ಕೆ ಸರಿಯಾದ ಜಾಗ ಕಾಣದೆ ಜಾಗವನ್ನೇ ಕಟ್ಟಿದವನು. ನಿಯಮ ಸರಳವಾಗಿತ್ತು: ನೀವೇ ಕೈಯಾರೆ ಮಾಡಿದ್ದು, ಇಲ್ಲವೇ ಇಪ್ಪತ್ತು ವರ್ಷಕ್ಕಿಂತ ಹಳೆಯದು, ಇಲ್ಲವೇ ಕೈಕೆಲಸಕ್ಕೆ ಬೇಕಾದ ಸಾಮಗ್ರಿ, ಇಷ್ಟನ್ನು ಮಾತ್ರ ಮಾರಬಹುದು. ಒಂದು ವಸ್ತುವನ್ನು ನಾಲ್ಕು ತಿಂಗಳು ಕಟ್ಟೆಯ ಮೇಲಿಡಲು ಇಪ್ಪತ್ತು ಸೆಂಟು, ಮಾರಾಟವಾದರೆ ನೂರಕ್ಕೆ ಮೂರೂವರೆ. ಬಾಡಿಗೆ ಇಲ್ಲ, ಮುಂಗಡ ಇಲ್ಲ, ಗ್ಯಾಲರಿಯವರ ಬಾಗಿಲು ಕಾಯುವ ಕೆಲಸವಿಲ್ಲ. ಮಗು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹೊಲಿಯುವ ಹೆಂಗಸಿಗೆ ಒಂದು ಅಂಗಡಿ ಸಿಕ್ಕಿತು. ಇದನ್ನು ಮರೆತು ಎಟ್ಸಿಯನ್ನು ಹಳಿಯುವುದು ಸುಲಭ, ನ್ಯಾಯವಲ್ಲ.

ಸಂತೆಯ ಸುಂಕದವನನ್ನು ನೆನೆಯಿರಿ. ಚೀಟಿ ಹರಿದು, ಕಾಸು ಇಸಿದುಕೊಂಡು ಹೋಗುತ್ತಾನೆ. ಯಾರು ಬಸ್‌ಸ್ಟ್ಯಾಂಡಿನ ಕಡೆ ಕೂರಬೇಕು, ಯಾರು ಚರಂಡಿಯ ಕಡೆ ಎಂಬುದು ಬೆಳಿಗ್ಗೆ ಯಾರು ಮೊದಲು ಬಂದರು ಎಂಬುದರ ಮೇಲೆ ನಿಂತಿರುತ್ತದೆ. ಆನ್‌ಲೈನ್ ಸಂತೆಯಲ್ಲಿ ಸುಂಕ ವಸೂಲಿ ಮಾಡುವವನೇ ಗಳಿಗೆಗೊಮ್ಮೆ ಎಲ್ಲರನ್ನೂ ಎಬ್ಬಿಸಿ ಬೇರೆ ಬೇರೆ ಕಡೆ ಕೂರಿಸುತ್ತಾನೆ. ಗಿರಾಕಿ 'ಬೆಳ್ಳಿ ಓಲೆ' ಎಂದು ಹುಡುಕಿದಾಗ ಮೊದಲ ಸಾಲಿಗೆ ಯಾರು, ನಲವತ್ತನೇ ಪುಟಕ್ಕೆ ಯಾರು ಎಂಬುದು ಅವನ ಕೈಯಲ್ಲಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಅವನು ಏನನ್ನು ನೋಡಿ ಕೂರಿಸುತ್ತಾನೆ?

ಅದಕ್ಕೆ ಮುಂಚೆ ಕೈಯ ವಿಚಾರ. ಎಟ್ಸಿಯ ಮೊದಲ ನಿಯಮ ಚೆಂದವಿತ್ತು, ಆದರೆ ಮುಗ್ಧವೂ ಆಗಿತ್ತು. ಸ್ವೆಟರ್ ಹೆಣೆಯುವವಳಿಗೆ ಒಮ್ಮೆಗೇ ನಲವತ್ತು ಆರ್ಡರ್ ಬಂದು, ಹೊರಗೆ ಯಾರಿಗಾದರೂ ಹೆಣೆಯಲು ಕೊಟ್ಟರೆ ನಿಯಮ ಮುರಿದಂತೆ. ವ್ಯಾಪಾರ ಚೆನ್ನಾಗಿ ನಡೆದವರೇ ತಪ್ಪಿತಸ್ಥರಾಗುವ ವ್ಯವಸ್ಥೆ. ಅತ್ತ ನಿಜವಾಗಿ ವಂಚಿಸುವವರು ಆರಾಮಾಗಿದ್ದರು. 2012ರಲ್ಲಿ ಎಟ್ಸಿಯೇ ಮುಂದಿಟ್ಟು ಮೆರೆಸಿದ ಮರದ ಪೀಠೋಪಕರಣದ ಅಂಗಡಿಯೊಂದರ ಸರಕು ಇಂಡೋನೇಷ್ಯಾದ ಬಾಲಿಯಿಂದ ಹಡಗಿನಲ್ಲಿ ಬರುತ್ತಿತ್ತು ಎಂದು ಹೊರಗಿನವರು ಸಾಗಣೆಯ ದಾಖಲೆ ತೆಗೆದು ತೋರಿಸಿದರು. ಮರುವರ್ಷ, 2013ರ ಅಕ್ಟೋಬರಿನಲ್ಲಿ, ನಿಯಮವೇ ಬದಲಾಯಿತು. ಕೆಲಸಕ್ಕೆ ಜನ ಇಟ್ಟುಕೊಳ್ಳಬಹುದು, ಹೊರಗಿನ ತಯಾರಕರಿಂದ ಮಾಡಿಸಬಹುದು. ಕಲ್ಪನೆ ನಿಮ್ಮದಿರಬೇಕು, ಹೊಣೆ ನಿಮ್ಮದಿರಬೇಕು, ಮಾಡಿಸಿದ್ದನ್ನು ಮುಚ್ಚಿಡಬಾರದು.

ಹಳೆಯ ಮಾರಾಟಗಾರರಲ್ಲಿ ಹಲವರು ಇದನ್ನು ದ್ರೋಹ ಎಂದರು. ನಾನು ಅವರ ಪಕ್ಷವಲ್ಲ. ಒಬ್ಬನೇ ಕಲಾವಿದ, ಒಂದೇ ಕೈ, ಆದಿಯಿಂದ ಅಂತ್ಯದವರೆಗೆ ಎಂಬ ಕಲ್ಪನೆ ನಮ್ಮ ಕಸುಬುಗಳಿಗೆ ಹೊಂದುವುದೇ ಇಲ್ಲ. ಬೀದರಿನ ಬಿದರಿ ಹೂಜಿಯನ್ನೇ ತೆಗೆದುಕೊಳ್ಳಿ. ಸತುವಿಗೆ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುವವನು ಒಬ್ಬ. ಅದನ್ನು ಉಜ್ಜಿ ನಯ ಮಾಡಿದ ಮೇಲೆ ಹೂಬಳ್ಳಿ ಕೆತ್ತುವವನು ಇನ್ನೊಬ್ಬ, ಕೆತ್ತಿದ ಜಾಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ತಟ್ಟುವವನು ಮತ್ತೊಬ್ಬ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಮಣ್ಣನ್ನು ನಾಲಗೆಗೆ ಹಚ್ಚಿ ಗುಣ ನೋಡುವವರಿದ್ದಾರೆ. ಇದರಲ್ಲಿ 'ಮಾಡಿದವನು' ಯಾರು? ಚನ್ನಪಟ್ಟಣದ ಬೊಂಬೆಯಂತೂ ಮೋಟಾರಿನ ಲೇತಿನಲ್ಲೇ ತಿರುಗುತ್ತದೆ. ತಿರುಗಿಸುವುದು ಕರೆಂಟು, ಉಳಿ ಹಿಡಿಯುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಎಷ್ಟು ಒತ್ತಬೇಕೆಂದು ತಿಳಿಯುವುದು ಕೈ. ಎಟ್ಸಿಯ ಮೊದಲ ನಿಯಮವನ್ನು ಅಕ್ಷರಶಃ ಹಿಡಿದಿದ್ದರೆ ಬಿದರಿಯ ಕಾರ್ಖಾನೆಗೆ ಒಳಗೆ ಜಾಗ ಸಿಗುವುದು ಕಷ್ಟವಿತ್ತು. ಈ ಎರಡೂ ಕಸುಬಿಗೆ ನಮ್ಮಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಅದು ಒಂಟಿ ಕೈಯನ್ನು ಕೇಳುವುದಿಲ್ಲ. ಯಾವ ಊರು, ಯಾವ ವಿಧಾನ ಎಂದು ಕೇಳುತ್ತದೆ. ಅದೇ ಹೆಚ್ಚು ತಿಳಿವಳಿಕೆಯ ವ್ಯಾಖ್ಯೆ ಎಂದು ನನಗನಿಸುತ್ತದೆ.

ಅಂದರೆ 2013ರಲ್ಲಿ ಬಾಗಿಲು ಅಗಲ ಮಾಡಿದ್ದು ತಪ್ಪಲ್ಲ. ಬಾಗಿಲು ಅಗಲವಾದಷ್ಟೂ ಬಾಗಿಲಲ್ಲಿ ನಿಂತು ನೋಡುವ ಕಣ್ಣು ಬೇಕಾಗುತ್ತಿತ್ತು, ಅದು ಬರಲಿಲ್ಲ. 2015ರ ಏಪ್ರಿಲಿನಲ್ಲಿ ಎಟ್ಸಿ ಷೇರುಪೇಟೆಗೆ ಬಂತು. ಹದಿನಾರು ಡಾಲರಿಗೆ ಬಿಟ್ಟ ಷೇರು ಮೊದಲ ದಿನವೇ ಮೂವತ್ತಕ್ಕೆ ಮುಗಿಯಿತು. 2017ರಲ್ಲಿ ಹೂಡಿಕೆದಾರರ ಒತ್ತಡ ಬಿಗಿಯಾಗಿ, ಮುಖ್ಯಸ್ಥ ಚಾಡ್ ಡಿಕರ್‌ಸನ್ ಹೋಗಿ ಜಾಷ್ ಸಿಲ್ವರ್‌ಮನ್ ಬಂದರು, ನೌಕರರ ಕಡಿತವಾಯಿತು, ಸಾಮಾಜಿಕ ಹೊಣೆಗಾರಿಕೆಗಾಗಿ ಪಡೆದಿದ್ದ 'ಬಿ ಕಾರ್ಪ್' ಮಾನ್ಯತೆಯನ್ನೂ ಕೈಬಿಟ್ಟರು.

ಆಮೇಲೆ ಬಂದದ್ದನ್ನು ನೋಡಿ. 2019ರಲ್ಲಿ, ಅಮೆರಿಕದೊಳಗೆ 35 ಡಾಲರಿಗೆ ಮೇಲ್ಪಟ್ಟ ಖರೀದಿಗೆ ಸಾಗಣೆ ಉಚಿತ ಎನ್ನುವ ಅಂಗಡಿಗಳಿಗೆ ಹುಡುಕಾಟದಲ್ಲಿ ಆದ್ಯತೆ. 2021ರಲ್ಲಿ 'ಸ್ಟಾರ್ ಸೆಲ್ಲರ್' ಎಂಬ ಬಿಲ್ಲೆ. ಅದನ್ನು ಪಡೆಯಲು ಮುಖ್ಯವಾಗಿ ಮೂರು ಪರೀಕ್ಷೆ: ಗಿರಾಕಿಯ ಸಂದೇಶಕ್ಕೆ 24 ಗಂಟೆಯೊಳಗೆ ಉತ್ತರ, ಹೇಳಿದ ದಿನಕ್ಕೆ ರವಾನೆ, ಒಳ್ಳೆಯ ರೇಟಿಂಗ್. ಮೂರೂ ಬೇಕಾದವೇ, ಇಲ್ಲವೆನ್ನುವುದಿಲ್ಲ. ಆದರೆ ಈ ಮೂರರಲ್ಲಿ ಯಾವುದು ಕೈಕೆಲಸವನ್ನು ಅಳೆಯುತ್ತದೆ? ಮೂರರಲ್ಲೂ ಮನೆಯ ಕುಂಬಾರನಿಗಿಂತ ಗೋದಾಮಿನಲ್ಲಿ ಸರಕು ಪೇರಿಸಿಟ್ಟವನೇ ಮುಂದೆ. ಮಣ್ಣು ಮೆತ್ತಿದ ಕೈಯಲ್ಲಿ ಫೋನು ಮುಟ್ಟಲಾಗದೆ ಒಂದು ದಿನ ಸುಮ್ಮನಿದ್ದವನು ಹಿಂದೆ. ಯಂತ್ರಕ್ಕೆ ಕೈ ಕಾಣುವುದಿಲ್ಲ, ಆದ್ದರಿಂದ ತನಗೆ ಕಾಣುವುದನ್ನು ಅಳೆಯುತ್ತದೆ: ವೇಗ, ಸಂಖ್ಯೆ, ನಕ್ಷತ್ರ. ಒಂದೇ ಇದ್ದ ವಸ್ತು ಮಾರಾಟವಾದ ಕೂಡಲೇ ಅದು ಗಳಿಸಿದ ನೋಟ, ಮೆಚ್ಚುಗೆ ಎಲ್ಲ ಅದರ ಜೊತೆಗೇ ಮುಗಿಯುತ್ತದೆ. ಅದನ್ನೇ ಸಾವಿರ ಸಲ ಮಾರುವವನಿಗೆ ಅದೆಲ್ಲ ಗಂಟಾಗುತ್ತ ಹೋಗುತ್ತದೆ. ಯಾರೂ ಕೇಡು ಬಗೆಯಬೇಕಾಗಿಲ್ಲ. ಲೆಕ್ಕ ತಾನಾಗಿಯೇ ಕೈಕೆಲಸದ ಸಂತೆಯಿಂದ ಕೈಯನ್ನು ಹಿಂದಕ್ಕೆ ತಳ್ಳುತ್ತದೆ.

ಸುಂಕದ ವಿಚಾರ ಬೇಗ ಮುಗಿಸುತ್ತೇನೆ. ಮೂರೂವರೆ ಇದ್ದದ್ದು 2018ರಲ್ಲಿ ಐದಾಯಿತು, ಸಾಗಣೆಯ ಹಣದ ಮೇಲೂ ಬಿತ್ತು. 2022ರ ಏಪ್ರಿಲಿನಲ್ಲಿ ಆರೂವರೆ. ಅಮೆರಿಕದ ಮಾರಾಟಗಾರ್ತಿಯೊಬ್ಬಳು 30 ಡಾಲರಿನ ಪಿಂಗಾಣಿ ಬಟ್ಟಲು ಮಾರಿ 5 ಡಾಲರು ಸಾಗಣೆ ಹಾಕಿದಳೆನ್ನಿ. 35ರ ಮೇಲೆ ಕಮಿಷನ್ ಎರಡು ಡಾಲರು ಇಪ್ಪತ್ತೆಂಟು ಸೆಂಟು, ಹಣ ಪಾವತಿಯ ಖರ್ಚು ಒಂದು ಮೂವತ್ತು, ಕಟ್ಟೆಯ ಇಪ್ಪತ್ತು ಸೆಂಟು. ಗಿರಾಕಿ ಎಟ್ಸಿ ಹೊರಗೆ ಹಾಕಿದ ಜಾಹೀರಾತು ಒತ್ತಿ ಬಂದಿದ್ದರೆ ಮತ್ತೆ ನೂರಕ್ಕೆ ಹದಿನೈದು, ಅಂದರೆ ಐದೂಕಾಲು. ಒಟ್ಟು ಒಂಬತ್ತು ಡಾಲರು ಹೋಯಿತು. ವರ್ಷಕ್ಕೆ ಹತ್ತು ಸಾವಿರ ಡಾಲರು ದಾಟಿ ಮಾರಿದವರಿಗೆ ಈ ಜಾಹೀರಾತಿನ ದರ ಹನ್ನೆರಡು, ಆದರೆ ಬೇಡ ಎನ್ನುವ ಹಕ್ಕಿಲ್ಲ. ಆರೂವರೆ ಜಾರಿಯಾದ ಏಪ್ರಿಲ್ 11ರಿಂದ ಒಂದು ವಾರ ಸಾವಿರಾರು ಮಂದಿ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ದರದ ಜೊತೆಗೆ, ಕಾರ್ಖಾನೆ ಸರಕನ್ನು ಕೈಕೆಲಸವೆಂದು ಮಾರುವವರನ್ನು ಹೊರಹಾಕಿ ಎಂಬುದೂ ಇತ್ತು. ದರ ಇಳಿಯಲಿಲ್ಲ.

2024ರಲ್ಲಿ ಎಟ್ಸಿ ವಸ್ತುಗಳಿಗೆ ಹೊಸ ಚೀಟಿ ಅಂಟಿಸಿತು: ಮಾರುವವರು ಮಾಡಿದ್ದು, ವಿನ್ಯಾಸ ಮಾಡಿದ್ದು, ಆರಿಸಿದ್ದು, ಒದಗಿಸಿದ್ದು. ತಡವಾಗಿಯಾದರೂ ಸರಿಯಾದ ದಾರಿ ಎಂದು ಮೊದಲು ಅನಿಸಿತು. ಬಿದರಿಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರದ ಆರಂಭವಿದೆ. ಆಮೇಲೆ ಎರಡನೇ ಚೀಟಿಯ ಒಳಗೆ ಇಣುಕಿದರೆ, ತಾನೇ ನಕ್ಷೆ ಬರೆದು ಬೇರೆಯವರಿಂದ ಮಾಡಿಸಿದವಳ ಪಕ್ಕದಲ್ಲೇ, ಕೃತಕ ಬುದ್ಧಿಮತ್ತೆಗೆ ನಾಲ್ಕು ಪದ ಬರೆದು ಚಿತ್ರ ತೆಗೆಸಿದವನೂ ಕೂತಿದ್ದಾನೆ. ಹಾಗೆಂದು ಅವನು ಹೇಳಿಕೊಂಡರೆ ಸಾಕು. ಅಕ್ಕಿ, ಕಲ್ಲು ಎರಡನ್ನೂ ಒಂದೇ ಚೀಲಕ್ಕೆ ಸುರಿದು ಚೀಲದ ಮೇಲೆ 'ಧಾನ್ಯ' ಎಂದು ಬರೆದ ಹಾಗೆ.

ನಮ್ಮಲ್ಲಿ ಇದಕ್ಕೆ ಬೇರೆ ಉತ್ತರಗಳಿವೆ. 2012ರಲ್ಲಿ ಶುರುವಾದ ಜೈಪೋರ್ ತಾನೇ ಆರಿಸಿ ಮಾರುವ ದಾರಿ ಹಿಡಿಯಿತು; 2019ರಲ್ಲಿ ಅದನ್ನು ಆದಿತ್ಯ ಬಿರ್ಲಾ ಸಮೂಹ ಕೊಂಡಿತು. ಕೇಂದ್ರ ಜವಳಿ ಸಚಿವಾಲಯದ 'ಇಂಡಿಯಾ ಹ್ಯಾಂಡ್‌ಮೇಡ್' ತಾಣ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಆನ್‌ಲೈನಿಗೆ ಎಷ್ಟೋ ಮುಂಚಿನದು ನಮ್ಮ ಕಾವೇರಿ ಎಂಪೋರಿಯಂ. ಒಂದರಲ್ಲಿ ಬೆಲೆ ಏರುತ್ತದೆ, ಇನ್ನೊಂದರಲ್ಲಿ ಗಿರಾಕಿ ಸಾಲದು, ಮತ್ತೊಂದರಲ್ಲಿ ಗಾಜಿನ ಕಪಾಟಿನ ಧೂಳು. ಆದರೂ ವಸ್ತುವನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಅರಗು ಸರಿಯಾಗಿ ಹಿಡಿದಿಲ್ಲ, ಇದು ಬೇಡ" ಎನ್ನುವ ಒಬ್ಬ ಮನುಷ್ಯ ನಡುವೆ ಇರುವುದು ನನಗೆ ಮುಖ್ಯ. ಮಧ್ಯವರ್ತಿಯನ್ನು ಬೈದೇ ಬೆಳೆದವರು ನಾವು. ಕಣ್ಣಿರುವ ಮಧ್ಯವರ್ತಿ, ಕಣ್ಣಿಲ್ಲದ ಮಧ್ಯವರ್ತಿ ಇಬ್ಬರಲ್ಲಿ ಆರಿಸು ಎಂದರೆ, ಎರಡು ಕಾಸು ಜಾಸ್ತಿ ತಿಂದರೂ ಮೊದಲನೆಯವನೇ ಇರಲಿ ಎನ್ನುತ್ತೇನೆ.

ಚಿಕ್ಕಮ್ಮನ ಚಿತ್ತಾರ ಎರಡು ತಿಂಗಳಿಗೆ ಮಾರಾಟವಾಯಿತು, ಮೂರು ವಾರಕ್ಕೆ ವಾಪಸು ಬಂತು. ಕಾರಣದ ಕಾಲಮ್ಮಿನಲ್ಲಿ 'ಗೆರೆಗಳು ಸಮವಾಗಿಲ್ಲ' ಎಂದಿತ್ತು. ಹಣ ಆಗಲೇ ಗಿರಾಕಿಗೆ ಮರಳಿಯಾಗಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ. ಚಿಕ್ಕಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೂಲೆಯ ಒಂದು ಗೆರೆಯ ಮೇಲೆ ಬೆರಳಾಡಿಸಿದಳು. "ಹೌದು, ಇಲ್ಲಿ ಪುಟ್ಟ ಬಂದು ಬೆನ್ನ ಮೇಲೆ ಬಿದ್ದಿದ್ದ" ಎಂದಳು. ಆ ವಾರವೇ ಪಕ್ಕದ ಮನೆ ಹುಡುಗಿಯ ಮದುವೆಗೆ ಅದನ್ನು ಉಡುಗೊರೆ ಕೊಟ್ಟಳು. ವಾಪಸು ಬಂದ ಸರಕನ್ನು ಮಾರುಕಟ್ಟೆ ತಾನೇ ಮತ್ತೆ ಕಟ್ಟೆಗೆ ಏರಿಸಿಕೊಂಡಿದೆ. ಈಗಲೂ ತೆರೆದರೆ 'ದಾಸ್ತಾನು: 1' ಎಂದು ತೋರಿಸುತ್ತದೆ. ಅಳಿಸುವ ಗುಂಡಿ ಎಲ್ಲಿದೆಯೋ, ಹುಡುಕಬೇಕು.