ಇನ್ನೊಬ್ಬರ ದನಿಯಲ್ಲಿ ಬದುಕಿದವನು

ಅಮೆರಿಕದ ಹಾಸ್ಯಗಾರ ವಾನ್ ಮೀಡರ್ ಅಧ್ಯಕ್ಷ ಕೆನಡಿಯ ದನಿಯನ್ನು ಅನುಕರಿಸಿ ಮಾಡಿದ ‘ದಿ ಫಸ್ಟ್ ಫ್ಯಾಮಿಲಿ’ ಆಲ್ಬಂ 1962ರಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಮರುವರ್ಷ ಗ್ರ್ಯಾಮಿಯನ್ನೂ ಗೆದ್ದಿತು. 1963ರ ನವೆಂಬರ್ 22ರಂದು ಕೆನಡಿಯ ಹತ್ಯೆಯಾಯಿತು. ಆಲ್ಬಂ ಅಂಗಡಿಗಳಿಂದ ಮರೆಯಾಯಿತು. ಇಪ್ಪತ್ತೇಳರ ಮೀಡರ್‌ನ ಖ್ಯಾತಿಯೂ ಅಲ್ಲಿಗೆ ಮುಗಿಯಿತು.

ಇದನ್ನು ವಿಧಿಯಾಟ ಎನ್ನುವುದು ವಾಡಿಕೆ. ನನಗೆ ಅದಷ್ಟೇ ಸಾಕೆನಿಸುವುದಿಲ್ಲ. ಆಲ್ಬಮ್ಮಿನ ಒಂದು ಪ್ರಸಂಗದಲ್ಲಿ ಅಧ್ಯಕ್ಷ ಸ್ನಾನದ ತೊಟ್ಟಿಯ ಆಟಿಕೆಗಳಲ್ಲಿ ಯಾವುದು ಯಾರದೆಂದು ರಾಜತಾಂತ್ರಿಕನ ಗತ್ತಿನಲ್ಲಿ ತೀರ್ಮಾನಿಸುತ್ತಾನೆ. ನಗು ಬರುತ್ತದೆ. ಆದರೆ ಹಾಸ್ಯ ಉಚ್ಚಾರ ಮತ್ತು ಮನೆವಾರ್ತೆಯ ಹೊಸ್ತಿಲು ದಾಟುವುದು ಕಡಿಮೆ. ಅದರ ಮುದ್ರಣ ನಡೆದದ್ದು 1962ರ ಅಕ್ಟೋಬರ್ 22ರ ರಾತ್ರಿ. ನಿಜವಾದ ಕೆನಡಿ ಕ್ಯೂಬಾದ ಕ್ಷಿಪಣಿಗಳ ಬಗ್ಗೆ ದೇಶವನ್ನು ಎಚ್ಚರಿಸಿದ್ದೂ ಅದೇ ರಾತ್ರಿ. ಸಭಾಂಗಣದ ಆ ನಗುವನ್ನು ಇಂದು ಕೇಳುವಾಗ ನನಗೆ ಸಣ್ಣಗೆ ನಡುಕ ಹುಟ್ಟುತ್ತದೆ.

ಅಧಿಕಾರವನ್ನೇ ಅಣಕಿಸಿದ ಹಾಸ್ಯ ಅಧಿಕಾರಸ್ಥ ಸತ್ತ ಮೇಲೂ ಬಾಳುತ್ತದೆ. ಕುರ್ಚಿ ಖಾಲಿ ಉಳಿಯುವುದಿಲ್ಲವಲ್ಲ. ಮೀಡರ್ ಅಣಕಿಸಿದ್ದು ಒಬ್ಬ ಮನುಷ್ಯನ ಕಂಠವನ್ನು, ಅದೂ ಅಕ್ಕರೆಯಿಂದ. ಆ ಅಕ್ಕರೆಯೇ ಜನರನ್ನು ನಗಿಸಿತ್ತು. ಸಾವಿನ ನಂತರ ಅದೇ ದನಿಯನ್ನು ಕೇಳಲಾಗದಂತೆ ಮಾಡಿದ್ದೂ ಅದೇ. ಮುಂದೆ ಆತ ತನ್ನೂರಿನ ಮೇಯ್ನ್ ರಾಜ್ಯದಲ್ಲಿ ಪಿಯಾನೊ ನುಡಿಸುತ್ತ, ಸ್ವಂತ ದನಿಯಲ್ಲಿ ಹಾಡಿದ. 2004ರಲ್ಲಿ ತೀರಿಕೊಂಡ. ಆ ಹಾಡುಗಳನ್ನು ಕೇಳಲು ದೇಶ ಕಾದಿರಲಿಲ್ಲ.