ಪರದೆಯ ಮೇಲಿನ ಓಲೆ: ದರ್ಶನ ಮತ್ತು ಸ್ವಾಧ್ಯಾಯ

ಭಂಡಾರಗಳಲ್ಲಿ ಕಟ್ಟಿಟ್ಟಿದ್ದ ಓಲೆಗರಿಗಳ ಛಾಯಾಚಿತ್ರಗಳು ಇಂದು ಗಣಕಯಂತ್ರದ ಪರದೆಯ ಮೇಲೆ ಜನಸಾಮಾನ್ಯರಿಗೂ ದೊರೆಯುತ್ತಿವೆ. ಕೇಂದ್ರ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ ಮೇಲೆ ಈ ಕಾರ್ಯಕ್ಕೆ ವಿಶೇಷ ಚಾಲನೆ ದೊರಕಿತು. ಇದು ಶ್ರುತಭಕ್ತರೆಲ್ಲರೂ ಸಂತೋಷಪಡಬೇಕಾದ ಸಂಗತಿ. ಆದರೆ ಚಿತ್ರದ ಕೆಳಗೆ ಅಚ್ಚಾಗುವ ನಾಲ್ಕು ಸಾಲಿನ ವಿವರಗಳ ಬಗೆಗೆ ವಿದ್ವಾಂಸರು ಇನ್ನೂ ಸಾಕಷ್ಟು ಲಕ್ಷ್ಯ ಕೊಟ್ಟಿಲ್ಲ. ಪ್ರಕೃತ ಲೇಖನದ ವಿಷಯ ಅದು.

ಕಳೆದ ಶ್ರುತಪಂಚಮಿಯಂದು ತರುಣ ಶ್ರಾವಕನೊಬ್ಬನು ತನ್ನ ಮೊಬೈಲಿನಲ್ಲಿ ಒಂದು ಓಲೆಯ ಚಿತ್ರವನ್ನು ತೋರಿಸಿದನು. ಕೆಳಗೆ ‘ಕೃತಿ: ಧವಲಾ. ಭಾಷೆ: ಕನ್ನಡ. ಕಾಲ: ಕ್ರಿ.ಶ. 816. ಪ್ರಮಾಣ: 72,000 ಶ್ಲೋಕ’ ಎಂದಿತ್ತು. “ಪಂಡಿತರೆ, ಸಾವಿರದ ಇನ್ನೂರು ವರ್ಷದ ಈ ಓಲೆಯಲ್ಲಿರುವ ಕನ್ನಡ ಪದ್ಯಗಳಲ್ಲಿ ಒಂದನ್ನಾದರೂ ಓದಿ ಅರ್ಥ ಹೇಳಬೇಕು” ಎಂದು ಕೇಳಿಕೊಂಡನು. ಅವನ ಆ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿದ್ದವು. ಮೂರೂ ಅವನವಲ್ಲ, ವಿವರ ಬರೆದವರವು.

ಮೊದಲನೆಯದು ಭಾಷೆ. ವೀರಸೇನಾಚಾರ್ಯರ ಧವಲಾ ಟೀಕೆಯ ಭಾಷೆ ಸಂಸ್ಕೃತಮಿಶ್ರಿತ ಪ್ರಾಕೃತ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಪ್ರತಿಗಳ ಲಿಪಿ ಮಾತ್ರ ಹಳಗನ್ನಡ. ಲಿಪಿಯನ್ನೇ ಭಾಷೆಯೆಂದು ಬರೆದರೆ ಪ್ರಾಕೃತ ಗ್ರಂಥವನ್ನು ಹುಡುಕುವವನಿಗೆ ಅದು ಸಿಕ್ಕದು. ಕನ್ನಡ ಗ್ರಂಥವನ್ನು ಹುಡುಕುವವನಿಗೆ ಸಿಕ್ಕರೂ ಪ್ರಯೋಜನವಿಲ್ಲ.

ಎರಡನೆಯದು ಕಾಲ. 816 ಎಂಬುದು ಟೀಕೆಯು ಮುಗಿದ ವರ್ಷವೇ ಹೊರತು ಓಲೆಯನ್ನು ಬರೆದ ವರ್ಷವಲ್ಲ. ಮೂಡುಬಿದಿರೆಯ ಪ್ರತಿಗಳು ಸುಮಾರು 12ನೆಯ ಶತಮಾನದವು. ಅಲ್ಲದೆ 816 ಎಂಬುದೂ ಒಂದು ಅರ್ಥನಿರ್ಣಯ. ಹೀರಾಲಾಲ ಜೈನರು ಪ್ರಶಸ್ತಿಯ ಪಾಠವನ್ನು ಶಕ 738 ಎಂದು ಗ್ರಹಿಸಿದರು; ಜ್ಯೋತಿಪ್ರಸಾದ ಜೈನರು ವಿಕ್ರಮ 838 ಎಂದು ಗ್ರಹಿಸಿ ಕ್ರಿ.ಶ. 780ಕ್ಕೆ ಒಯ್ದರು. ರಚನೆ, ಪ್ರತಿ, ಮತಭೇದ ಎಂಬ ಮೂರು ಸಂಗತಿಗಳನ್ನು ಒಂದೇ ಅಂಕಿಯಲ್ಲಿ ಅಡಗಿಸಿದಂತಾಯಿತು.

ಮೂರನೆಯದು ಪ್ರಮಾಣ. ಧವಲಾ ಬಹುಮಟ್ಟಿಗೆ ಗದ್ಯ. 32 ಅಕ್ಷರಗಳಿಗೆ ಒಂದು ಶ್ಲೋಕ ಅಥವಾ ಒಂದು ಗ್ರಂಥ ಎಂದು ಎಣಿಸುವುದು ಹಳೆಯ ರೂಢಿ. ಗದ್ಯವನ್ನೂ ಹಾಗೆಯೇ ಅಳೆಯುತ್ತಿದ್ದರು. ಈ ಲೆಕ್ಕವನ್ನು ತಿಳಿಯದವನು ಎಪ್ಪತ್ತೆರಡು ಸಾವಿರ ಪದ್ಯಗಳೆಂದು ತಿಳಿದರೆ ಆಶ್ಚರ್ಯವೇನು?

ಸಾಮಾನ್ಯ ಓದುಗನಿಗೆ ಇಷ್ಟು ಸೂಕ್ಷ್ಮ ಏಕೆ, ಸರಳವಾಗಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಸರಳತೆಗೆ ನಮ್ಮ ವಿರೋಧವಿಲ್ಲ. ‘ಲಿಪಿ: ಹಳಗನ್ನಡ. ಭಾಷೆ: ಪ್ರಾಕೃತ, ಸಂಸ್ಕೃತ, ಬಹುಮಟ್ಟಿಗೆ ಗದ್ಯ. ರಚನೆ: ಕ್ರಿ.ಶ. 816, ಮತಭೇದವುಂಟು. ಈ ಪ್ರತಿ: ಸುಮಾರು 12ನೆಯ ಶತಮಾನ. ಪ್ರಮಾಣ: 32 ಅಕ್ಷರಗಳ ಲೆಕ್ಕದಲ್ಲಿ 72,000’ ಎಂದು ಬರೆದರೆ ಎರಡು ಸಾಲು ಹೆಚ್ಚಾದೀತು, ಅಷ್ಟೆ. ಸಾಮಾನ್ಯ ಓದುಗನಿಗೇ ಇದು ಹೆಚ್ಚು ಅಗತ್ಯ. ಪಂಡಿತನು ತಪ್ಪನ್ನು ತಾನೇ ತಿದ್ದಿಕೊಂಡಾನು. ಓದುಗನಿಗೆ ಆ ಸಾಧನವಿಲ್ಲ.

ಗಣಕಯಂತ್ರದ ಲೋಕದಲ್ಲಿ ಒಮ್ಮೆ ಬಿದ್ದ ತಪ್ಪು ಸುಲಭವಾಗಿ ಏಳುವುದಿಲ್ಲ. ನಮ್ಮ ಹಳಗನ್ನಡದ ೞಕಾರವೇ ಇದಕ್ಕೆ ನಿದರ್ಶನ. ಯೂನಿಕೋಡ್ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಪ್ರಮಾದದಿಂದ ‘ಫ’ಕಾರದ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ, ಈ ಹೆಸರು ತಪ್ಪು ಎಂಬ ಟಿಪ್ಪಣಿಯನ್ನು ಸೇರಿಸಿ ಸುಮ್ಮನಾಗಿದ್ದಾರೆ. ಆದರೆ ಆ ಟಿಪ್ಪಣಿಯಾದರೂ ಅಲ್ಲಿದೆ ಎಂಬುದನ್ನು ಮೆಚ್ಚಬೇಕು. ಹಸ್ತಪ್ರತಿಗಳ ಎಷ್ಟೋ ವಿವರಗಳಲ್ಲಿ ಬರೆದವರ ಹೆಸರೂ ಇಲ್ಲ, ತಿದ್ದುವವರಿಗೆ ಸ್ಥಳವೂ ಇಲ್ಲ. ನಮ್ಮ ಲಿಪಿಕಾರರಾದರೋ ಗ್ರಂಥಾಂತ್ಯದಲ್ಲಿ ತಮ್ಮ ಹೆಸರನ್ನು ಹೇಳಿ, ಸ್ಖಾಲಿತ್ಯವಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುತ್ತಿದ್ದರು.

ಸಿದ್ಧಾಂತ ಗ್ರಂಥಗಳು ಬಹುಕಾಲ ಕೇವಲ ದರ್ಶನಕ್ಕೆ ಮೀಸಲಾಗಿದ್ದವು. ಭಕ್ತರು ಕೈಮುಗಿದು ಮರಳುತ್ತಿದ್ದರು. ಒಳಗಿನ ಅರ್ಥ ಯಾರಿಗೂ ದಕ್ಕುತ್ತಿರಲಿಲ್ಲ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾಗಿ ಬಂದಾಗ ದರ್ಶನವು ಸ್ವಾಧ್ಯಾಯವಾಗುವ ದಾರಿ ತೆರೆಯಿತು. ಸರಿಯಾದ ವಿವರಗಳಿಲ್ಲದ ಚಿತ್ರವನ್ನು ಲಕ್ಷಾಂತರ ಜನರ ಮುಂದೆ ಇಟ್ಟರೆ, ಅದು ಆ ಹಿಂದಿನ ದರ್ಶನಕ್ಕೇ ಮರಳಿದಂತೆ. ಆ ತರುಣನಿಗೆ ನಾನು ಆ ದಿನ ಓದಿ ತಿಳಿಸಿದ್ದು ಒಂದು ಪ್ರಾಕೃತ ಗದ್ಯವಾಕ್ಯವನ್ನು. ಅವನು ಅದನ್ನು ಬರೆದುಕೊಂಡು ಹೋದನು. ಓಲೆಯನ್ನು ಪರದೆಗೆ ತರುವ ಮಹನೀಯರು ಅಂಥ ಓದುಗನನ್ನು ಕಣ್ಣಮುಂದೆ ಇಟ್ಟುಕೊಂಡು ವಿವರಗಳನ್ನು ಬರೆಯಲೆಂದು ವಿನಂತಿ.